ಹಕ್ಕಿಗೆ

ಡಾನ್‌ಕಾಸ್ಟರ್, ಮೂರನೇ ಪ್ಲಾಟ್‌ಫಾರಂ, ಹನ್ನೊಂದು ಐವತ್ತು.
ಹಲ್‌ಗೆ ಹೋಗುವ ಕೊನೆಯ ರೈಲು
ನಾವು ಬಂದಿಳಿಯುವ ಆರು ನಿಮಿಷ ಮೊದಲೇ
ಬಾಲದ ಕೆಂಪು ತೋರಿಸಿ ಹೋಗಿಯಾಗಿತ್ತು.
ಗ್ರಾಂಥಮ್ ಹತ್ತಿರ ಎಲ್ಲೋ ಮೇಲಿನ ತಂತಿ ಹರಿದಿತ್ತಂತೆ,
ಕತ್ತಲ ಹೊಲದ ನಡುವೆ ಎಂಬತ್ತು ನಿಮಿಷ
ಡಬ್ಬಿಯ ಬಟಾಣಿಗಳ ಹಾಗೆ ಕೂತಿದ್ದೆವು.

ಇಳಿದವರು ಬಹಳ. ಉಳಿದವರು ಮೂವರು.
ಮದುವೆಗೆ ಹೋಗಿ ಬಂದ ಬಾರ್ತೆಕ್,
ಮೀನಿನ ಕಾರ್ಖಾನೆಯವನು, ಸೂಟಿನ ಮೇಲೆ ಇನ್ನೂ ಹೂವು.
ಮಿಸೆಸ್ ಹೆಬಲ್‌ತ್ವೇಟ್, ಎಪ್ಪತ್ತೆಂಟು,
ಮಡಿಲಲ್ಲಿ ಕೇಕಿನ ತಗಡಿನ ಡಬ್ಬಿ.
ನಾನು. ಬೆಳಿಗ್ಗೆ ಎಂಟಕ್ಕೆ ಸ್ಕ್ಯಾನಿಂಗ್ ಕೋಣೆಯಲ್ಲಿ
ಯಾರದೋ ಹೊಟ್ಟೆಯೊಳಗಿನ ಎದೆಬಡಿತ ಎಣಿಸಬೇಕಾದವಳು.

ವೇಟಿಂಗ್ ರೂಮಿಗೆ ಬೀಗ. ಟಾಯ್ಲೆಟ್ಟಿಗೂ.
ಮೈಕಿನಲ್ಲಿ ಒಬ್ಬಳು ಒಂದೇ ಸಮ ಕ್ಷಮೆ ಕೇಳುತ್ತಿದ್ದಳು,
ರೆಕಾರ್ಡಿನವಳು,
ಅವಳಿಗೆ ಚಳಿಯಿಲ್ಲ, ನಿದ್ದೆಯಿಲ್ಲ,
'ಆಯಿತಮ್ಮ, ಬಿಡು' ಅಂದರೂ ಕೇಳಿಸುವುದಿಲ್ಲ.

ಮೂರು ವರ್ಷದ ಹಿಂದೆ ಯಾರ್ಕ್‌ನಲ್ಲಿ ಹೀಗೇ ಆಗಿತ್ತು.
ಯಾರನ್ನೂ ಕೇಳಲಿಲ್ಲ. ಟ್ಯಾಕ್ಸಿಗೆ ನೂರಾಹತ್ತು ಪೌಂಡು ತೆತ್ತು
ಮನೆಗೆ ಬಂದು ಯಾರಿಗೂ ಹೇಳಲಿಲ್ಲ.
ಬಿಟ್ಟ ರೈಲು ನನ್ನ ಗ್ರಹಚಾರ, ಸುಮ್ಮನಿರುವುದು ಮರ್ಯಾದೆ,
ಅಂತ ಯಾರು ಕಲಿಸಿದ್ದರೋ.

ಮುದುಕಿ ಕನ್ನಡಕ ಹಾಕಿಕೊಂಡಳು, ಓದಲಿಕ್ಕಲ್ಲ, ಗದರಲಿಕ್ಕೆ:
'ನಿಯಮದಲ್ಲೇ ಬರೆದಿದೆ ಮಗಳೇ,
ಊರು ಮುಟ್ಟಿಸಬೇಕು, ಇಲ್ಲವೇ ಮಲಗಲು ಜಾಗ ಕೊಡಬೇಕು.
"ಕೈಲಾದ ಮಟ್ಟಿಗೆ" ಅಂತಲೂ ಇದೆ,
ಆ ಸಂದಿಯಲ್ಲಿ ಅವರು ನುಸುಳದಂತೆ ಕಾಯುವುದು ನಮ್ಮ ಕೆಲಸ.'

ಮೇಲೆ ಕಬ್ಬಿಣದ ತೊಲೆಯಲ್ಲಿ
ಒಂಟಿಕಾಲಿನ ಪಾರಿವಾಳ ಮಗ್ಗುಲು ಬದಲಿಸಿತು.
ನನ್ನ ಭಾಷೆಯ ಒಂದು ತಮಾಷೆ ಇವರಿಗೆ ಹೇಗೆ ಹೇಳಲಿ?
ಹಕ್ಕು ಬೇರೆ, ಹಕ್ಕಿ ಬೇರೆ,
'ಗೆ' ಹಚ್ಚಿದರೆ ಎರಡೂ ಒಂದೇ: ಹಕ್ಕಿಗೆ.
ಹಕ್ಕಿಗೆ ಕೂರಲೊಂದು ತೊಲೆ ಬೇಕು.
ಹಕ್ಕಿಗೆ ದನಿ ಬೇಕು,
ಸದ್ದಿಲ್ಲದಿದ್ದರೆ ಕತ್ತಲಲ್ಲಿ ಅದು ಇದ್ದದ್ದೇ ಗೊತ್ತಾಗದು.

ಹೋಗಿ ಕೇಳಿದೆ. ದನಿ ನಡುಗಿತು, ಆದರೂ ಕೇಳಿದೆ.
ಕಿತ್ತಳೆ ಕೋಟಿನ ಹುಡುಗ, ಎದೆಯ ಮೇಲೆ ಕೀರನ್ ಅಂತ ಹೆಸರು.
ತಂತಿ ಹರಿದವನು ಅವನಲ್ಲ, ಬೈಗುಳ ಮಾತ್ರ ಅವನ ಪಾಲು.
ಫೋನು ಕಿವಿಗಿಟ್ಟು ನಲವತ್ತು ನಿಮಿಷ
ಯಾವುದೋ ಕಂಟ್ರೋಲಿನ ಪಿಟೀಲು ಕೇಳಿದ,
ನಡುನಡುವೆ ನಮ್ಮತ್ತ ಹೆಬ್ಬೆರಳೆತ್ತಿ.

ಒಂದೂ ಹತ್ತಕ್ಕೆ ಟ್ಯಾಕ್ಸಿ. ದುಡ್ಡು ರೈಲಿನವರದು.
ಬಾರ್ತೆಕ್ ನಗು ತಡೆಯಲಾರದೆ ಬಾಗಿಲು ಹಿಡಿದು ನಿಂತ.
ಆಗ ಮುದುಕಿ: 'ಮತ್ತೆ ನೀನು, ಮಗು?'
ಕೀರನ್ ನೆಲ ನೋಡಿದ. ಥಾರ್ನ್ ಅವನೂರು.
ಅದೇ ಕೊನೆಯ ರೈಲು ಅವನದೂ,
ನಮ್ಮದು ಬರಲಿ ಎಂದು ನಿಂತು ಬಿಟ್ಟುಕೊಟ್ಟದ್ದು.
'ಕುರ್ಚಿ ಇದೆ, ಹೀಟರೂ ಇದೆ.
ನಿಯಮ ಪ್ರಯಾಣಿಕರಿಗೆ. ನನ್ನ ಹತ್ತಿರ ಟಿಕೆಟ್ ಇಲ್ಲವಲ್ಲ.'

ಥಾರ್ನ್ ದಾರಿಯಲ್ಲೇ. ಸೀಟು ನಾಲ್ಕು.
ಡ್ರೈವರ್ ಚೀಟಿ ನೋಡಿದ, ಮುದುಕಿಯ ಮುಖ ನೋಡಿದ,
ಚೀಟಿ ಮಡಚಿ ಜೇಬಿಗಿಟ್ಟ.

ಕೀರನ್ ರಿಜಿಸ್ಟರ್ ಬರೆದು, ಬೀಗಗಳ ಎಳೆದು ನೋಡಿ,
ಒಂದೊಂದೇ ದೀಪ ಆರಿಸಿ ಬರುವತನಕ
ನಾವು ಕಾರಿನಲ್ಲಿ ಕೂತು
ತಮ್ಮನ ಹುಟ್ಟುಹಬ್ಬಕ್ಕೆಂದಿದ್ದ ಕೇಕು ತಿಂದೆವು.
ಸೋಂಪಿನ ಕೇಕು. ಒಂದು ಚೂರು ಅವನಿಗೆ ಉಳಿಸಿ.

ಭಾನುವಾರ ಪರಿಹಾರದ ಫಾರಂ ತುಂಬುತ್ತ ಕೂತೆ.
ಟಿಕೆಟ್ ನಂಬರು, ಬ್ಯಾಂಕು, ತಡವಾದ ನಿಮಿಷ.
ಒಟ್ಟು ಹಾಕಿದೆ,
ಮತ್ತೆ ಅದರಲ್ಲಿ ಇಪ್ಪತ್ತೆರಡು ಕಳೆದೆ.
ಆ ಇಪ್ಪತ್ತೆರಡು ನಮ್ಮವು.