ಎಂಟು ದಿನದ ಕೀಲಿ

ಮುರಗಾಂವ್ ಧಕ್ಕೆಯ ತುದಿಗೆ ಕಲ್ಲಿನ ಕೋಣೆ,
ಕೋಣೆಯೊಳಗೆ ಬಾವಿ, ಬಾವಿಯೊಳಗೆ ಕಡಲು,
ಕಡಲ ಮೇಲೊಂದು ತಾಮ್ರದ ಬುರುಡೆ.
ಬುರುಡೆ ಏರಿದರೆ ತಂತಿ ಸಡಿಲ,
ತಂತಿ ಸಡಿಲಾದರೆ ಮುಳ್ಳು ಮೇಲೆ.
ಸುತ್ತುವ ಉರುಳೆಯ ಕಾಗದದ ಮೇಲೆ
ಉಬ್ಬರ ಇಳಿತ ನೀಲಿ ಗೆರೆಯಾಗುತ್ತದೆ.
ಸೋಮವಾರ ಕೀಲಿ, ಸೋಮವಾರ ಶಾಯಿ.
ಇಷ್ಟೇ ನೌಕರಿ ಅಂದುಕೊಂಡಿದ್ದೆ,
ಅಳ್ನಾವರದಲ್ಲಿ ಗಾಡಿ ಹತ್ತಿ ಬಂದವನು.

ಕಾಯ್ತಾನ ರೆಬೆಲೊ ಕೀಲಿಕೈ ಕೊಡುವಾಗ
ಶಿಲುಬೆಯ ಗುರುತು ಹಾಕಿಕೊಂಡ, ನನಗೂ ಹಾಕಿದ.
ಒಳಗೆ ಸೀನಬೇಡ, ಅಂದ.
ನಕ್ಕೆ.
ಸಡಾ ಗುಡ್ಡದ ನೆತ್ತಿಯಲ್ಲಿ ಅವನ ಮನೆ;
ಗೋಡೆಗೆ ಎದೆಮಟ್ಟ ಉಪ್ಪಿನ ಗೆರೆ.
ಅಷ್ಟು ಎತ್ತರಕ್ಕೆ ಉಪ್ಪು ಹೇಗೆ ಬಂತು
ನಾನು ಕೇಳಲಿಲ್ಲ, ಅವನು ಸುಣ್ಣ ಬಳಿಸಲಿಲ್ಲ.

ಮೂರನೆಯ ವರ್ಷ, ನವೆಂಬರ್, ಗಾಳಿಯೇ ಇಲ್ಲ.
ಬುತ್ತಿ ಡಬ್ಬಿಯ ಮುಚ್ಚಳ ಜಾರಿ ಮೇಜಿಗೆ ಬಿತ್ತು,
ಮುಳ್ಳು ಬೆಚ್ಚಿ ಬೆರಳುದ್ದ ಗೀಚಿತು.
ಸಾಹೇಬರಿಗೆ ಕಾಣದಿರಲೆಂದು
ಬ್ಲೇಡಿನಿಂದ ಕೆರೆದು ತೆಗೆದೆ.
ಬೆಳಗಿಗೆ ಬಾಯ್ಣಾ ತೀರದಲ್ಲಿ ಜನವೋ ಜನ.
ಒಂದೇ ತೆರೆ, ಅಂದಳು ಮೀನು ಮಾರುವ ಅಪೊಲೀನ,
ನಿದ್ದೆಯಲ್ಲಿ ಕೂಗಿ ಎದ್ದವರ ಹಾಗೆ ಎದ್ದಿತು,
ಮತ್ತೆ ಮಲಗಿತು.
ನಾಲ್ಕು ದೋಣಿ ತೆಂಗಿನ ಬುಡದಲ್ಲಿ ಸಿಕ್ಕವು.
ಅವಳ ಗಂಡ ಸಿಗಲಿಲ್ಲ, ಅವನ ತಮ್ಮನೂ.
ಒಂಬತ್ತು ದಿನ ಹುಡುಕಿದರು.
ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು,
ಕೆರೆದಿದ್ದೆನಲ್ಲ.

ಅಳೆಯುವುದಿಲ್ಲ ಅದು.
ಮುಳ್ಳು ಬರೆಯುತ್ತದೆ, ಕಡಲು ಒಪ್ಪಿಸುತ್ತದೆ,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ, ಹೆದರಿ.

ನಿಲ್ಲಿಸಿಬಿಡು ಅನ್ನುತ್ತೀರಿ.
ಗೆರೆ ಮುಗಿದ ಮೇಲೆ
ಅಷ್ಟು ನೀರು ಎಲ್ಲಿ ನೋಡಿಕೊಂಡು ನಿಂತೀತು?

ಬಂದರಿಗೆ ಹೊಸ ಯಂತ್ರ ಬಂದು ಇಪ್ಪತ್ತು ವರ್ಷ,
ಅದರ ಅಂಕಿಗಳು ಮುಂಬಯಿಗೆ ತಾವೇ ಹೋಗುತ್ತವೆ.
ಈ ಕೋಣೆಯನ್ನು ಕಡತ ಮರೆತಿದೆ.
ನಾನು ನಿವೃತ್ತ; ಕೀಲಿಕೈ ಯಾರೂ ವಾಪಸು ಕೇಳಿಲ್ಲ.
ಕಾಗದ ನಾನೇ ಕತ್ತರಿಸುತ್ತೇನೆ, ಶಾಯಿ ನಾನೇ ಕೊಳ್ಳುತ್ತೇನೆ,
ಮಗಳ ಮದುವೆಗೂ ಸೋಮವಾರ ಬಿಟ್ಟು ದಿನ ಹುಡುಕಿಸಿದೆ.
ಕೆಮ್ಮು ಬಂದರೆ ಹೊರಗೆ ಓಡಿ
ಬಂಡೆಗೆ ಬೆನ್ನು ಕೊಟ್ಟು ಕೆಮ್ಮುತ್ತೇನೆ.

ಮೊನ್ನೆ ಕೈಯಲ್ಲಿ ಚಹಾದ ಬಸಿ ಗಲಗಲ ಅಂದಿತು.
ವಯಸ್ಸು, ನರದ ನಡುಕ, ಅಂದರು ಡಾಕ್ಟರು,
ಇನ್ನು ಹೆಚ್ಚುತ್ತದೆ ಅಂದರು, ಮೃದುವಾಗಿ.

ಇವತ್ತು ಸೋಮವಾರ. ಶಾಯಿ ತಳ ಕಂಡಿದೆ.
ಎಡಗೈಯಲ್ಲಿ ಬಲಗೈ ಅದುಮಿ ಹಿಡಿದು
ಹೊಸ್ತಿಲಲ್ಲಿ ನಿಂತಿದ್ದೇನೆ.
ಕೆಳಗೆ ಅಪೊಲೀನಳ ಮೊಮ್ಮಗ ದೋಣಿ ನೂಕುತ್ತ
ನನ್ನತ್ತ ಕೈ ಬೀಸುತ್ತಾನೆ.
ನಾನು ಬೀಸುವುದಿಲ್ಲ.
ಜಂಬದ ಮುದುಕ ಅಂದುಕೊಂಡಿರಬೇಕು.