ಹನ್ನೊಂದನೇ ನಂಬರಿನ ಗಾಜು

ಲೇಸರಿನ ಮುಂದೆ ಸ್ಯಾಂಪಲ್ ಹಿಡಿದು ನಿಲ್ಲಲು
ಕಬ್ಬಿಣದ ಚೌಕಟ್ಟೊಂದು ಬೇಕಿತ್ತು ನನಗೆ.
ತೋಳಹುಣಸೆಯಿಂದ ಬಸ್ಸು ಹಿಡಿದು ಬಂದೆ
ಮಂಡಕ್ಕಿ ಭಟ್ಟಿ ಲೇಔಟಿಗೆ, ದಾದಾಪೀರ್ ಅಂಗಡಿಗೆ.
ಗಾಳಿಯ ತುಂಬ ಕಾದ ಮರಳಿನ ವಾಸನೆ.

"ಈ ಕಡೆ ನೋಡಬ್ಯಾಡ್ರಿ ಮೇಡಂ" ಅಂದವನೇ
ಕತ್ತು ಕೊಡವಿದ, ಮುಖವಾಡ ತಾನಾಗಿ ಬಿತ್ತು.
ಗೋಡೆಗೆ ತಿರುಗಿ ನಿಂತೆ.
ಸುಣ್ಣದ ಮೇಲೆ ನನ್ನ ನೆರಳು
ನಡುಗಿತು, ನಿಂತಿತು, ಮತ್ತೆ ನಡುಗಿತು.

ಚಾ ಬಂತು. ಏನು ಓದ್ತೀರಿ ಅಂದ.
ಹೇಳಿದೆ: ಗಾಜಿನ ಮೇಲೆ ನವಿಲುಗತ್ತಿನ ಬಣ್ಣದ ಹನಿ,
ಗಿರಗಿರ ತಿರುಗಿಸಿದರೆ ಹರಡಿ, ಒಣಗಿ
ಈರುಳ್ಳಿಯ ಒಳಪೊರೆಗಿಂತ ತೆಳು.
ಸಾಧು ಬೆಳಕನ್ನು ಬಿಡುತ್ತದೆ, ಹೋಗು ಅಂತ.
ಮೈಮೇಲೆ ಬೀಳುವ ಬೆಳಕು ಬಂದರೆ ಕುಡಿಯುತ್ತದೆ,
ಬಂದಷ್ಟೂ ಹೆಚ್ಚು ಕುಡಿಯುತ್ತದೆ.
ಹಿಂದೆ ಕ್ಯಾಮೆರಾ ಇರಲಿ, ಕಣ್ಣಿರಲಿ,
ತಾಳುವಷ್ಟೇ ತಲುಪುತ್ತದೆ.

ಅವನು ತನ್ನ ಗಾಜು ಬಿಚ್ಚಿ ಕೊಟ್ಟ, ಹನ್ನೊಂದನೇ ನಂಬರು.
ಹಿಡಿದು ನೋಡಿದೆ. ಅಂಗಡಿಯಿಲ್ಲ, ದಾವಣಗೆರೆಯೇ ಇಲ್ಲ,
ನಡುಮಧ್ಯಾಹ್ನದ ಸೂರ್ಯ ಒಂದು ಹಸಿ ಬಟಾಣಿ.
"ಇದು ಹುಟ್ಟುಕುರುಡು. ಯಾವಾಗ್ಲೂ ಕಪ್ಪೇ.
ಜಾಯಿಂಟ್ ಎಲ್ಲೈತಿ ಅಂತ ನೋಡಾಕ ಎತ್ತಬೇಕು,
ಎತ್ತಿದ ಹೊತ್ತಿಗೇ ಹುಡುಗ ಕಿಡಿ ಹಚ್ಚಿದ್ನೋ,
ರಾತ್ರಿಯೆಲ್ಲಾ ಕಣ್ಣಾಗ ಮರಳು,
ಆಲೂಗಡ್ಡಿ ಹೋಳು ಇಟ್ಕಂಡು ಮಲಗಾದು."

ಆಮೇಲೆ ಕೇಳಿದ:
"ನಿಮ್ದುಕ್ಕ ಕಪ್ಪಾಗು ಅಂತ ಹೇಳಾರು ಯಾರು?"

ಯಾರೂ ಇಲ್ಲ, ಬೆಳಕೇ ಹೇಳುತ್ತೆ ಅಂದೆ.
ಉತ್ತರ ಸರಿಯಿತ್ತು, ವೈವಾದಲ್ಲಿ ಅಂಕ ಬೀಳುವಷ್ಟು ಸರಿ.
ಅವನು ಲೋಟ ತಿರುಗಿಸುತ್ತ ಕೂತ.
"ಸುಟ್ಟು ಹೋಗಲ್ವೇನ್ರಿ ಅದು?"
ಹೋಗುತ್ತೆ, ಅಳತೆ ಮೀರಿದರೆ.

ನೂರೈವತ್ತು ಕೇಳಿದ. ಚಿಲ್ಲರೆಯಿರಲಿಲ್ಲ,
ನೂರಿಪ್ಪತ್ತು ಕೊಟ್ಟೆ.

ರಾತ್ರಿ ಲ್ಯಾಬಿನಲ್ಲಿ ಹಸಿರು ಮಿಡಿತ.
ಮಸೂರದ ನಾಭಿಯ ಹತ್ತಿರ ಹತ್ತಿರ ಸರಿಸಿದಂತೆ
ಗ್ರಾಫು ಇಳಿಯಿತು,
ಯಾರೋ ಈಗಷ್ಟೇ ಎದ್ದುಹೋದ ನುಲಿಮಂಚದ ಹಾಗೆ.
ಆಸೆ ಹುಟ್ಟಿತು. ಇನ್ನೊಂದು ಮೆಟ್ಟಿಲು ಏರಿಸಿದೆ.

ಟಿಕ್.

ಕಿರಣ ಮುಚ್ಚಿ ನೋಡಿದೆ.
ಪದರದಲ್ಲಿ ಸೂಜಿಮೊನೆಯಷ್ಟು ತೂತು.
ಹಿಂದಿನ ಡಿಟೆಕ್ಟರಿಗೆ ಏನೂ ಆಗಿಲ್ಲ,
ಏನೂ ಗೊತ್ತೂ ಇಲ್ಲ, ಸೊನ್ನೆ ತೋರಿಸುತ್ತ ಕೂತಿದೆ.
ಬರೆದುಕೊಂಡೆ: ಸ್ಯಾಂಪಲ್ ಏಳು, ಹಾಳು.

ಬರೆದು, ಕಸದ ಬುಟ್ಟಿಯವರೆಗೆ ಹೋಗಿ, ಎಸೆಯಲಿಲ್ಲ.
ಚೌಕಟ್ಟಿನ ಒಂದು ಕಾಲು ಕುಂಟು,
ಶನಿವಾರ ಹೇಗೂ ಹೋಗಬೇಕು.
ಬಾಕಿ ಮೂವತ್ತು ಕೊಟ್ಟು
ಈ ತೂತನ್ನು ಅವನಿಗೆ ತೋರಿಸಬೇಕು.