ಚುಕ್ಕಿ

ಮತ್ರಾದ ಮೀನು ಮಾರ್ಕೆಟ್ಟಿನ ಹಿಂದೆ, ಎರಡನೇ ಗಲ್ಲಿ.
ಝೆರಾಕ್ಸು, ಪಾಸ್‌ಪೋರ್ಟ್ ಫೋಟೊ, ಟೈಪಿಂಗ್.
ಅದ್ರಾಮಾಕ ನನಗೆ ಅಲಿಫ್ ಕಲಿಸಿದ್ದು ಇಲ್ಲೇ,
ಹಳೇ ರಶೀದಿಯ ಬೆನ್ನಲ್ಲಿ, ಬಲದಿಂದ ಎಡಕ್ಕೆ:
'ಮೈ ಎಲ್ಲದಕ್ಕೂ ಒಂದೇ ಮಾರಾಯ,
ಚುಕ್ಕಿ ಮೇಲೋ ಕೆಳಗೋ ನೋಡು, ಜೀವ ಅದರಲ್ಲಿ.'

ಮೊದಲು ಹೋದದ್ದು ಸ್ಟೇಪ್ಲರು.
'ಆ ಕಚ್ಚುವುದು ಕೊಡು' ಅಂದರು. ನಕ್ಕೆವು.
ಗಮ್ಮು ಅಂಟುವುದಾಯಿತು, ಕನ್ನಡಕ ಕಾಣುವುದು.
ಗಿರಾಕಿಗಳಿಗೂ ಮಜಾ.
ಬಂಗುಡೆ, ಅಂಜಲ್, ಬೂತಾಯಿ ಎಲ್ಲ ಬರೇ ಮೀನಾದವು,
ರೇಟು ಕೇಳಿಯೇ ಮೀನಿನ ಕುಲ ಹೇಳುತ್ತಿದ್ದ ಮನುಷ್ಯ!
ಆಮೇಲೆ ಮೀನೂ 'ಅದು'.

ಒಂದು ಮಧ್ಯಾಹ್ನ ಒಬ್ಬ ಪಂಜಾಬಿ ಬಂದ. ಕಸುಬು ಬಡಗಿ.
ಅದ್ರಾಮಾಕ ಟೈಪ್ ಮಾಡಿದರು, ನಜ್ಜಾರ್, ಒಂದೂ ತಪ್ಪಿಲ್ಲ.
ಅವ ಹೋದ ಮೇಲೆ ಸಣ್ಣ ದನಿಯಲ್ಲಿ ಕೇಳಿದರು:
'ಬಡಗಿ ಅಂದ್ರೆ ಎಂತ?'

ಎಸಿ ಗುಂಯ್‌ಗುಡುತ್ತಿತ್ತು.
ಮೇಜು ತಟ್ಟಿ ತೋರಿಸಿದೆ, ಇದನ್ನು ಮಾಡುವವ.
ಅವರು ಮೇಜನ್ನು ನೋಡಿದರು
ಈಗಷ್ಟೇ ಯಾರೋ ತಂದಿಟ್ಟು ಹೋದ ಹಾಗೆ.

ಆಸ್ಪತ್ರೆಯಲ್ಲಿ ಸುಡಾನಿನ ಡಾಕ್ಟರಮ್ಮ ಚಿತ್ರ ಹಿಡಿದಳು.
ಒಂಟೆಗೆ ದನ ಅಂದರು. ದನಕ್ಕೂ ದನ.
ಕೀಲಿಕೈಗೆ ಬಾಯಿ ಸುಮ್ಮನಿತ್ತು,
ಬೆರಳೆರಡು ಗಾಳಿಯಲ್ಲಿ ತಿರುಗಿದವು.
'ದಾರಿ ಮರೆತಿಲ್ಲ, ಲೆಕ್ಕ ಮರೆತಿಲ್ಲ,
ಮಾತಿನ ಒಳಗಿನದು ಸವೆಯುತ್ತಿದೆ' ಎಂದಳು ಅರಬಿಯಲ್ಲಿ.
ಅನುವಾದ ಮಾಡಬೇಕಾದವ ನಾನು.
ಅವರ ಕಡೆ ತಿರುಗಿದೆ, ಯಾವ ಭಾಷೆಗೆ ಮಾಡಲಿ?

ಉಪ್ಪಿನಂಗಡಿಯಿಂದ ಹಪ್ಪಳ ಬಂತು, ಪೇಪರಿನಲ್ಲಿ ಸುತ್ತಿ.
ಹಪ್ಪಳ ಬದಿಗಿಟ್ಟು ಪೇಪರು ಓದಿದರು, ಗಟ್ಟಿಯಾಗಿ,
ಒಂದು ಒತ್ತಕ್ಷರ ಜಾರದೆ, ಮಾಸ್ತರರ ಮುಂದೆ ನಿಂತ ಹಾಗೆ.
ನೇತ್ರಾವತಿ ತುಂಬಿ ಹರಿದದ್ದು ಓದುವಾಗ
ನಾನು ಮುಖ ನೋಡಿದೆ.
ಎಂತದೂ ಇಲ್ಲ.
ಊರಲ್ಲಿ ಅವರ ಮನೆ ಹೊಳೆಗೆ ಮೂರೇ ಮೆಟ್ಟಿಲು.

ನಿನ್ನೆ ಅವರ ವೀಸಾ ರದ್ದತಿಯ ಫಾರಂ.
ಪ್ರಿಂಟರ್ ಕೆಟ್ಟಿತ್ತು, ಕೈಯಲ್ಲೇ ತುಂಬಿದೆ.
ಹೆಸರು. ತಂದೆಯ ಹೆಸರು. ದೇಶ.
ಕಸುಬು: ಕಾತಿಬ್, ಬರೆಯುವವ.
ಪಕ್ಕದಲ್ಲೇ ಕೂತಿದ್ದರು, ಸುಲೈಮಾನಿ ಆರುತ್ತಿತ್ತು.
ತೋರುಬೆರಳು ಬಂದು
ಕೊನೆಯ ಅಕ್ಷರದ ಕೆಳಗೆ ನಿಂತಿತು.

ಚುಕ್ಕಿ ಬಿಟ್ಟಿದ್ದೆ.

ಬೆರಳು ಸರಿಸಿ ಇಟ್ಟೆ. ಬೆರಳು ಮತ್ತೆ ಅಲ್ಲಿಗೇ ಬಂತು.
ಶಾಯಿ ಆರಿರಲಿಲ್ಲ.